ಎಲ್ಲರೂ ಕೂತು ನೋಡುವಂಥದ್ದು

ನಮ್ಮ ಮನೆಯಲ್ಲಿ ಸಿನಿಮಾ ಆರಿಸುವ ಕೆಲಸ ನನ್ನದು. ಅದನ್ನು ನಾನು ಕೇಳಿ ಪಡೆದುಕೊಳ್ಳಲಿಲ್ಲ. ಅಣ್ಣ ನಡುಮನೆಯ ಗೋಡೆಗೆ ದೊಡ್ಡ ಟಿವಿ ತೂಗುಹಾಕಿದ ಮೊದಲ ಭಾನುವಾರ ತಾನೇ ಒಂದು ಚಿತ್ರ ಹಾಕಿದ್ದ. ಸ್ವಲ್ಪ ಹೊತ್ತಿಗೆ ನಾಯಕ ನಾಯಕಿಯ ಮುಖಗಳು ಹತ್ತಿರ ಬಂದವು. ಅಪ್ಪ ಬಾಯಾರಿಕೆ ಇಲ್ಲದೆಯೇ ನೀರು ಕುಡಿಯಲು ಎದ್ದರು. ಅಣ್ಣ ಗಾಬರಿಯಲ್ಲಿ ಮುಂದಕ್ಕೆ ಓಡಿಸುವ ಗುಂಡಿಯ ಬದಲು ನಿಲ್ಲಿಸುವ ಗುಂಡಿ ಒತ್ತಿದ. ಆ ಎರಡು ಮುಖಗಳು ಅಂಟಿಕೊಂಡ ಹಾಗೆಯೇ ಗೋಡೆಯಗಲ ನಿಂತುಬಿಟ್ಟವು. ಅಪ್ಪ ನೀರು ಕುಡಿದು ತಿರುಗಿ ಬಂದಾಗಲೂ ಅವು ಅಲ್ಲೇ ಇದ್ದವು.

"ಓದಿರೋಳು ಒಬ್ಳು ಮನೇಲಿ ಔಳೆ, ಕೊಡ್ಲಾ ಅದನ್ನ ಅವ್ಳ ಕೈಗೆ," ಎಂದಳು ಅಮ್ಮ. "ಎಂಎ ಓದಿದ್ದು ಇಷ್ಟಕ್ಕಾದ್ರೂ ಬರ್ಲಿ."

ಅಂದಿನಿಂದ ರಿಮೋಟು ನನ್ನ ಕೈಗೆ ಬಂತು. ಬೆಂಗಳೂರಿನ ಆಫೀಸಿಗೆ ನಾನು ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ಟೇಕಲ್ ದಾಟಿದರೆ ಫೋನಿನ ನೆಟ್‌ವರ್ಕ್ ಕೈಕೊಡುವುದರಿಂದ ಚಿತ್ರವನ್ನು ಮೊದಲೇ ಇಳಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ವಾರವಿಡೀ ಭಾನುವಾರದ ಚಿತ್ರವನ್ನು ಪರೀಕ್ಷೆ ಮಾಡುತ್ತಿದ್ದೆ. ಚಿತ್ರದ ಕೆಳಗೆ ಯಾವ ವಯಸ್ಸಿನವರು ನೋಡಬಹುದು ಎಂದು ಬರೆದಿರುತ್ತಾರೆ. ಆ ಅಂಕಿಯನ್ನು ನಂಬಿ ನಮ್ಮ ಮನೆಯಲ್ಲಿ ಯಾವ ಚಿತ್ರವನ್ನೂ ಹಾಕುವ ಹಾಗಿರಲಿಲ್ಲ. ಹಸುವಿಗೆ ಏನೂ ಆಗಬಾರದು ಎನ್ನುವುದು ಅಪ್ಪನ ನಿಯಮ. ಒಮ್ಮೆ ಒಂದು ಚಿತ್ರದಲ್ಲಿ ಕರು ಸತ್ತಿದ್ದಕ್ಕೆ ಅಪ್ಪ ಆ ಸಂಜೆ ಡೇರಿಗೆ ಹಾಲು ಹಾಕಲು ಹೋಗದೆ ಕೊಟ್ಟಿಗೆಯಲ್ಲೇ ಕೂತಿದ್ದರು. ಜೊತೆಗೆ, ಹಾಲು ಕರೆಯುವ ಹೊತ್ತಿಗೆ ಚಿತ್ರ ಮುಗಿದಿರಬೇಕು. ಅಣ್ಣನಿಗೆ ಒಂದಾದರೂ ಹೊಡೆದಾಟ ಬೇಕು. ಅಣ್ಣನ ಮಗಳಿಗೆ ಮಾತಾಡುವ ಪ್ರಾಣಿಗಳು ಬೇಕು. ಅಮ್ಮ ತನ್ನ ನಿಯಮವನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಚಿತ್ರದಲ್ಲಿ ಅತ್ತೆ ಕೆಟ್ಟವಳಾಗಿದ್ದರೆ ಆವತ್ತು ಅವಳಿಗೆ ಮಧ್ಯದಲ್ಲೇ ತಲೆನೋವು ಬರುತ್ತಿತ್ತು. ಹೀಗಾಗಿ ಒಳ್ಳೆಯ ಅತ್ತೆಯರನ್ನು ಹುಡುಕುವುದೂ ನನ್ನ ಕೆಲಸಕ್ಕೆ ಸೇರಿತು.

ಅತ್ತಿಗೆ ಮಾತ್ರ ಏನನ್ನೂ ಕೇಳಿದವಳಲ್ಲ. ಬಾಗಿಲ ಪಕ್ಕ, ಬೇಕಾದರೆ ತಕ್ಷಣ ಎದ್ದು ಹೋಗುವ ಹಾಗೆ, ಗೋಡೆಗೆ ಒರಗದೆ ಕೂರುತ್ತಿದ್ದಳು. ಅವಳ ತವರು ಕೆಜಿಎಫ್ ಚಿನ್ನದ ಗಣಿಯ ಉರಿಗಾಂ. ಅವಳ ತಂದೆ ಗಣಿ ಮುಚ್ಚುವವರೆಗೂ ಅಲ್ಲಿ ಕೆಲಸ ಮಾಡಿದವರು. ಅವಳು ಬೆಳೆದದ್ದು ಕಾರ್ಮಿಕರ ಸಾಲುಮನೆಗಳಲ್ಲಿ, ಮನೆಮಾತು ತಮಿಳು. ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಅಣ್ಣ ಅವಳನ್ನು ಯಾರನ್ನೂ ಕೇಳದೆ ರಿಜಿಸ್ಟರ್ ಮದುವೆಯಾಗಿ ಮನೆಗೆ ಕರೆತಂದಿದ್ದ. ಆ ದಿನ ಅಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ, ನಗುನಗುತ್ತಲೇ ಹೇಳಿದ್ದಳು: "ಚಿನ್ನ ಎಲ್ಲಾ ಯಾರೋ ತಕ್ಕೊಂಡೋದ್ರು. ನನ್ ಮಗನ್ಗೆ ಸಿಕ್ಕಿದ್ದು ಸೈನೈಡ್ ದಿಬ್ಬ." ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ವಿಷಮಣ್ಣಿನ ಗುಡ್ಡೆಗಳನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಎಲ್ಲರೂ ನಕ್ಕರು. ಆಗಿನ್ನೂ ಕನ್ನಡ ಸರಿಯಾಗಿ ಬಾರದ ಅತ್ತಿಗೆಯೂ ನಕ್ಕಳು.

ಅಮ್ಮ ಅವಳಿಗೆ ಊಟಕ್ಕೆ ಕಡಿಮೆ ಮಾಡಲಿಲ್ಲ, ಕೈ ಎತ್ತಲಿಲ್ಲ. ಬಾಣಂತನದಲ್ಲಿ ತಾನೇ ನೀರು ಕಾಯಿಸಿ ಹೊಯ್ದಳು. ಅಮ್ಮ ಆಡಿದ ಒಂದೊಂದು ಮಾತನ್ನೂ ನೆಂಟರ ಮುಂದೆ ತಂದಿಟ್ಟು ನೋಡಿದರೂ ಅದರಲ್ಲಿ ತಪ್ಪು ಹುಡುಕಲಾಗದು. ಅವಳ ಮಾತುಗಳು ಕೂಡ ಎಲ್ಲರೂ ಕೂತು ಕೇಳುವಂಥವೇ.

ಆ ಚಳಿಗಾಲದಲ್ಲಿ ನಾನು ಆರಿಸಿದ್ದು ಒಂದು ನೀರುನಾಯಿ ಮರಿಯ ಕಾರ್ಟೂನು. ಹೊರದೇಶದ್ದು. ತಾಯಿಯ ಕಣ್ಣು ತಪ್ಪಿಸಿ ಹೊಳೆಯಲ್ಲಿ ದೂರ ಹೋಗಿ, ಪೆಟ್ಟು ತಿಂದು ಮನೆಗೆ ಮರಳುವ ಹೆಣ್ಣುಮರಿಯ ಕಥೆ. ಹಸು ಇಲ್ಲ, ಅತ್ತೆ ಇಲ್ಲ, ಮುತ್ತಿಲ್ಲ. ಅಣ್ಣನಿಗಾಗಿ ಒಂದು ಮೊಸಳೆಯ ಜೊತೆ ಜಗಳವಿತ್ತು. ರೈಲಿನಲ್ಲಿ ನಾನು ಅದನ್ನು ಇಂಗ್ಲಿಷಿನಲ್ಲಿ ನೋಡಿ ಮುಗಿಸಿದೆ. ಭಾನುವಾರ ಮಧ್ಯಾಹ್ನ, ಮಗುವಿಗೂ ಅಪ್ಪ ಅಮ್ಮನಿಗೂ ತಿಳಿಯಲೆಂದು, ಕನ್ನಡದ ಧ್ವನಿಗೆ ಬದಲಿಸಿ ಹಾಕಿದೆ.

ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕನ್ನಡಕ್ಕೆ ಮಾತು ಬರೆದವರು ಯಾರೋ ಚೆನ್ನಾಗಿಯೇ ಬರೆದಿದ್ದರು. ತುಂಟ ಮಗುವನ್ನು ಪುಂಡ ಎನ್ನುತ್ತೇವಲ್ಲ, ಅದನ್ನೇ ಹೆಣ್ಣು ಮಾಡಿ, ತಾಯಿ ನೀರುನಾಯಿ ಮರಿಯನ್ನು 'ಪುಂಡಿ' ಎಂದು ಕರೆಯುತ್ತಿತ್ತು. ಪುಂಡಿ, ದಡಕ್ಕೆ ಬಾ. ಪುಂಡಿ, ಮೀನು ತಿಂದೆಯಾ. ಅಣ್ಣನ ಮಗಳಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ಎದ್ದು ನಿಂತು ಕುಣಿಯತೊಡಗಿದಳು.

"ಅಜ್ಜೀ, ನಾನೂ ಪುಂಡಿ! ನಾನೂ ಪುಂಡಿ!"

"ಊಂ ಕಣೇ, ನೀನೇ ನನ್ ಪುಂಡಿ."

ಅತ್ತಿಗೆಯ ಕೈಯಲ್ಲಿದ್ದ ಅವರೆಕಾಯಿ ಅರ್ಧ ಸುಲಿದು ನಿಂತಿತ್ತು. ಅವಳು ನನ್ನ ಕಡೆ ತಿರುಗಿ, "ಇದು ಬೇಡ. ಬೇರೆ ಹಾಕಿ," ಎಂದಳು. ಆ ಮನೆಯಲ್ಲಿ ಅವಳು ಒಂದು ಚಿತ್ರದ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು.

"ಯಾಕಮ್ಮ? ಏನಾಗದೆ ಇದ್ಕೆ?" ಎಂದಳು ಅಮ್ಮ. "ಯಾರಾನ ಬಟ್ಟೆ ಬಿಚ್ಚವ್ರಾ?"

"ನೀರ್ನಾಯಿಗೆ ಬಟ್ಟೆ ಎಲ್ಲೈತಮ್ಮ ಬಿಚ್ಚಾಕೆ," ಎಂದ ಅಣ್ಣ. ಅಪ್ಪ ನಕ್ಕರು.

"ಬೇಡ ಅತ್ತೆ. ಮಗೂಗೆ ಬೇಡ."

"ಅದೇ ಯಾಕೆ ಅಂತ ಏಳು."

ಅತ್ತಿಗೆ ಅಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮಾವನ ಎದುರಿಗೆ ಅವಳು ಅದನ್ನು ಯಾಕೆ ಹೇಳಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಹೇಳುವ ಹಾಗೆಯೇ ಇರಲಿಲ್ಲ.

"ನಾನ್ ಏಳ್ತೀನಿ ಕೇಳು," ಎಂದು ಅಮ್ಮ ಅವರೆಕಾಳನ್ನು ಮೊರಕ್ಕೆ ಸುರಿದಳು. "ಕನ್ನಡ ಮಾತಾಡ್ತದಲ್ಲ ಟಿವಿ, ಅದ್ಕೇ ಒಟ್ಟೆ ಉರಿ. ನೀರ್ನಾಯಿನೂ ಕನ್ನಡ ಕಲ್ತದೆ, ಇವ್ಳು ಕಲೀಲಿಲ್ಲ."

ಆ ಸಂಜೆ ಹಾಲಿನ ಕ್ಯಾನು ತೊಳೆಯುವಾಗ ಅತ್ತಿಗೆ ನನಗೆ ಹೇಳಿದಳು. ನನ್ನ ಮುಖ ನೋಡದೆ, ಕ್ಯಾನಿನ ಒಳಗೆ ಕೈ ಹಾಕಿಕೊಂಡೇ ಹೇಳಿದಳು. ಆ ಪದದ ಕೊನೆಯ 'ಇ'ಯನ್ನು 'ಎ' ಮಾಡಿದರೆ ತಮಿಳಿನಲ್ಲಿ ಅದು ಹೆಣ್ಣಿನ ಮೈಯ ಒಂದು ಭಾಗದ ಹೆಸರು. ಗಂಡಸರು ಕುಡಿದು ಹೊಡೆದಾಡುವಾಗ ಒಬ್ಬರನ್ನೊಬ್ಬರು ಬಯ್ಯಲು ಅದಕ್ಕಿಂತ ಕೀಳಾದ ಪದ ಇಲ್ಲ. ಅವರ ಸಾಲಿನಲ್ಲಿ ಜಗಳವಾಗಿ ಆ ಪದ ಕೇಳಿದರೆ ತಾಯಂದಿರು ಹೆಣ್ಣುಮಕ್ಕಳನ್ನು ಒಳಕ್ಕೆಳೆದು ಬಾಗಿಲು ಹಾಕುತ್ತಿದ್ದರು.

"ಇ ಆದ್ರೂ ಎ ಆದ್ರೂ, ನಮ್ಮವರ ಕಿವಿಗೆ ಎರಡೂ ಒಂದೇ. ನನ್ನ ಮಗಳು ಅದನ್ನ ಹಾಡು ಮಾಡ್ಕೊಂಡು ಕುಣೀತಿದ್ದಾಳೆ," ಎಂದಳು.

ಹುಟ್ಟಿದಾಗಿನಿಂದ ತಮಿಳು ಕೇಳುತ್ತ ಬೆಳೆದವಳು ನಾನು. ಬಂಗಾರಪೇಟೆಯ ಸಂತೆಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡುತ್ತೇನೆ. ಆದರೂ ಆ ಪದ ನನಗೆ ಗೊತ್ತಿರಲಿಲ್ಲ. ಓದುವ ಹುಡುಗಿಯರ ಮುಂದೆ ಜನ ಒಳ್ಳೆಯ ತಮಿಳನ್ನೇ ಆಡುತ್ತಾರೆ.

ಮಕ್ಕಳು ಒಂದು ವಾರದಲ್ಲಿ ಮರೆಯುತ್ತಾರೆ ಎಂದು ನಾವಿಬ್ಬರೂ ಅಂದುಕೊಂಡೆವು. ನಾನು ಆ ಚಿತ್ರವನ್ನು ಪಟ್ಟಿಯಿಂದ ತೆಗೆದುಹಾಕಿದೆ. ಮುಂದಿನ ಭಾನುವಾರಕ್ಕೆ ಆನೆಯ ಚಿತ್ರ ಇಳಿಸಿಕೊಂಡೆ. ಮಗು ಮರೆಯುತ್ತಿತ್ತೋ ಏನೋ. ಆದರೆ ಅಷ್ಟರಲ್ಲಿ ಅಣ್ಣ ಊಟಕ್ಕೆ ಕೂತಾಗ ಅದನ್ನು ತಮಾಷೆ ಎಂದು ತಿಳಿದು ಹೇಳಿಬಿಟ್ಟ. ಅತ್ತಿಗೆ ಅವನಿಗೂ ಹೇಳಿದ್ದಳು, ಗಂಡ ತಾಯಿಗೆ ತಿಳಿಹೇಳಲಿ ಎಂದು.

"ಅಮ್ಮ, ಆ ಎಸ್ರಲ್ಲಿ ಕರೀಬ್ಯಾಡ ಮಗೀನ. ತಮಿಳ್ನಲ್ಲಿ ಕೆಟ್ಟ ಮಾತಂತೆ."

"ಯಾವ್ದ್ಲಾ?"

"ಅದೇ ಪಿಚ್ಚರ್‌ದು."

"ಕೆಟ್ಟುದ್ದು ಅಂದ್ರೆ ಎಂತಾದ್ದು?"

ಅಣ್ಣ ಬಾಗಿ ಅಮ್ಮನ ಕಿವಿಯಲ್ಲಿ ಹೇಳಿದ. ಅಮ್ಮ ಮೊದಲು ಅವನನ್ನು ನೋಡಿದಳು, ಆಮೇಲೆ ಒಲೆಯ ಹತ್ತಿರ ನಿಂತಿದ್ದ ಅತ್ತಿಗೆಯನ್ನು ನೋಡಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಅಣ್ಣನೂ ನಕ್ಕ. ಅವನ ಬಾಯಲ್ಲಿ ಮುದ್ದೆ ಇತ್ತು.

"ಅವ್ರ ಬಾಯಿ ಅಂಗೈತೆ ಅಂತ ನಮ್ ಭಾಸೆ ಬಿಡಕ್ಕಾಯ್ತದಾ?" ಎಂದಳು. "ಲೇ ಪುಂಡೀ, ಬಾರೇ, ತುತ್ತು ತಿನ್ನು ಬಾ."

ಅಲ್ಲಿಂದ ಮುಂದೆ ಮಗುವಿಗೆ ಮನೆಯಲ್ಲಿ ಬೇರೆ ಹೆಸರಿರಲಿಲ್ಲ. ಮಗುವಿನ ಹೆಸರನ್ನು ಅತ್ತಿಗೆ ಇಟ್ಟಿದ್ದಳು. ಅಮ್ಮನಿಗೆ ಅದು ಎಂದೂ ಬಾಯಿಗೆ ಒಗ್ಗಿರಲಿಲ್ಲ, ಅಥವಾ ಒಗ್ಗದ ಹಾಗೆ ಅವಳು ನೋಡಿಕೊಂಡಿದ್ದಳು. ಈಗ ಅವಳಿಗೆ ಒಂದು ಹೆಸರು ಸಿಕ್ಕಿತ್ತು, ಅದೂ ಅಚ್ಚ ಕನ್ನಡದ್ದು. ಹಾಲು ಕೊಳ್ಳಲು ಬಂದವರ ಮುಂದೆ, ಬೀದಿಯಲ್ಲಿ, ಡೇರಿಯ ಸಾಲಿನಲ್ಲಿ ಅದನ್ನೇ ಕರೆದಳು. ಎಲ್ಲರಿಗೂ ಮುದ್ದಾಗಿ ಕೇಳಿಸಿತು.

ಒಂದು ಸೂಕ್ಷ್ಮವನ್ನು ನಾನು ಮಾತ್ರ ಗಮನಿಸಿದೆ ಎಂದು ಕಾಣುತ್ತದೆ. ಅತ್ತಿಗೆಯೂ ಗಮನಿಸಿರಬೇಕು, ಹೇಳಲಿಲ್ಲ. ಮೊದಲ ದಿನಗಳಲ್ಲಿ ಅಮ್ಮ 'ಪುಂಡಿ' ಎಂದೇ ಕರೆಯುತ್ತಿದ್ದಳು. ಆಮೇಲೆ ಕೊನೆಯ ಸ್ವರ ಮೆಲ್ಲಗೆ ಸರಿಯಿತು. ಇ ಎನ್ನಲು ಎಳೆಯಬೇಕಾದ ತುಟಿ ಸ್ವಲ್ಪ ಸಡಿಲವಾಯಿತು. ಸಂಕ್ರಾಂತಿಯ ಹೊತ್ತಿಗೆ ಅದು ಸ್ಪಷ್ಟವಾಗಿ ಎ ಆಗಿತ್ತು.

"ಅಮ್ಮ, ಇ," ಎಂದೆ ನಾನು ಒಂದು ದಿನ. "ಕನ್ನಡದಲ್ಲಿ ಅದು ಇ."

"ಆಹಾ ಮೇಡಮ್ಮು! ನನ್ಗೆ ಅಕ್ಸರಾಭ್ಯಾಸ ಮಾಡುಸ್ತಿಯಾ? ನಾವ್ ಅಳ್ಳಿಯೋರು ಕಣಮ್ಮಿ, ನಮ್ ನಾಲ್ಗೆ ಎಂಗ್ ತಿರುಗ್ತದೋ ಅಂಗೆ."

"ನಿನಗೆ ಗೊತ್ತು ನೀನೇನು ಮಾಡ್ತಿದ್ದೀಯ ಅಂತ. ನಿಲ್ಲಿಸು."

"ನಿನ್ಗ್ಯಾಕೆ ಉರಿ? ನಿನ್ ಎಸ್ರಾ ಅದು?"

ಅಪ್ಪ ಹೊರಗೆ ಹಸುವಿನ ಮೈ ತಿಕ್ಕುತ್ತಿದ್ದರು. ಅವರಿಗೆ ಕೇಳಿಸಿತ್ತು, ತಿಕ್ಕುವ ಕೈ ಒಂದು ಕ್ಷಣ ನಿಂತು ಮತ್ತೆ ತಿಕ್ಕಿತು.

ಅದೇ ಸಮಯಕ್ಕೆ ಉರಿಗಾಂನಿಂದ ಅತ್ತಿಗೆಯ ತಾಯಿ ಬಂದರು. ಅವರ ಚಿಕ್ಕ ಮಗಳಿಗೆ ಗಂಡು ಗೊತ್ತಾಗಿತ್ತು. ನಿಶ್ಚಿತಾರ್ಥಕ್ಕೆ ಕರೆಯಲು ತಾಂಬೂಲ, ಹೂವು, ಬಾಳೆಹಣ್ಣು ಹಿಡಿದು ಬಂದಿದ್ದರು. ಅಣ್ಣನ ಮದುವೆಯಾದಾಗಿನಿಂದ ಅಮ್ಮ ಆ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಈ ಸಲ ತಾಂಬೂಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಬತ್ತೀವಿ ಕಣಮ್ಮ, ಎಲ್ರೂ ಬತ್ತೀವಿ," ಎಂದಳು. ಅತ್ತಿಗೆಯ ತಾಯಿಯ ಮುಖ ಅರಳಿತು. ಅವರು ಇದಕ್ಕಾಗಿಯೇ ಇಷ್ಟು ವರ್ಷ ಕಾದಿದ್ದರು. ಅತ್ತಿಗೆಯ ಮುಖದಲ್ಲಿ ಮಾತ್ರ ಬಣ್ಣವೇ ಉಳಿಯಲಿಲ್ಲ.

ಅವಳ ಭಯ ಏನೆಂದು ನನಗೆ ಹೇಳಬೇಕಾಗಿರಲಿಲ್ಲ. ಆ ಸಾಲಿನಲ್ಲಿ ಅವಳು ಓಡಿಹೋದ ಹುಡುಗಿ. ಅಂಥವಳು ಒಳ್ಳೆಯ ಮನೆ ಸೇರಿದ್ದಾಳೆ, ಮಗುವನ್ನು ಚೆನ್ನಾಗಿ ಬೆಳೆಸಿದ್ದಾಳೆ ಎಂದು ಎಲ್ಲರೂ ಕಣ್ಣಾರೆ ನೋಡುವ ದಿನ ಅದು. ಆ ದಿನ, ಅವಳ ತಂಗಿಯ ಬೀಗರ ಮುಂದೆ, ಸಾಲಿನ ಪ್ರತಿ ಕಿವಿಯ ಮುಂದೆ, ಅಮ್ಮ ತನ್ನ ಮೊಮ್ಮಗಳನ್ನು ಆ ಹೆಸರಿನಿಂದ ಕೂಗಿದರೆ?

ಅವಳೇ ಹೋಗಿ ಕೇಳಿದಳು. ನಾನು ಅಡುಗೆಮನೆಯಲ್ಲಿದ್ದೆ. ಅಮ್ಮ ಹಿತ್ತಲಿನಲ್ಲಿ ಸೌದೆ ಜೋಡಿಸುತ್ತಿದ್ದಳು.

"ಅತ್ತೆ, ಒಂದೇ ಕೇಳ್ತೀನಿ. ಅಲ್ಲಿ ಬೇಡ. ಇಲ್ಲಿ ಏನು ಬೇಕಾದ್ರೂ ಕರೀರಿ."

"ಏನ್ ಕರೀಬ್ಯಾಡ?"

"ನಿಮಗೆ ಗೊತ್ತು."

"ಗೊತ್ತಿಲ್ಲ ಕಣಮ್ಮ. ಬಾಯ್ಬಿಟ್ಟು ಏಳು, ಏನ್ ಕರೀಬ್ಯಾಡ?"

ಅತ್ತಿಗೆ ಆ ಪದವನ್ನು ಹೇಳಿದಳು. ತನ್ನ ಜೀವನದಲ್ಲಿ ಅವಳು ಅದನ್ನು ಗಟ್ಟಿಯಾಗಿ ಉಚ್ಚರಿಸಿದ್ದು ಅದೊಂದೇ ಸಲ ಇರಬಹುದು. ಅಮ್ಮ ಸೌದೆ ಕೆಳಗಿಟ್ಟು ಕೆನ್ನೆಗೆ ಕೈ ಹಚ್ಚಿಕೊಂಡಳು.

"ಅಯ್ಯಯ್ಯೋ! ಅತ್ತೆ ಮುಂದೆ ಎಂತಾ ಮಾತಾಡ್ತಿಯಾ!" ಎಂದಳು. ತಾನು ಅಷ್ಟು ಹೊತ್ತು ಕಾದಿದ್ದು ಸಿಕ್ಕಿದ ಮೇಲೆ ದನಿ ಮೃದುವಾಯಿತು. "ಓಗ್ಲಿ ಬಿಡು. ನಾನ್ ಅಲ್ಲಿ ಬಾಯೇ ಬಿಡಲ್ಲ. ಸರ್ಯಾ? ದೇವ್ರಾಣೆ."

ಆ ಮಾತನ್ನು ಅಮ್ಮ ಉಳಿಸಿಕೊಂಡಳು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ನಿಶ್ಚಿತಾರ್ಥದ ದಿನ ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ಅಮ್ಮ ಮಗುವನ್ನು 'ಪಾಪ' ಎಂದೇ ಕರೆದಳು.

ಉರಿಗಾಂನಲ್ಲಿ ಅವರ ಸಾಲುಮನೆಯ ಮುಂದಿನ ಓಣಿಗೆ ಶಾಮಿಯಾನ ಹಾಕಿದ್ದರು. ಮನೆ ಒಂದೂವರೆ ಕೋಣೆಯದು. ಹಾಗಾಗಿ ನೆಂಟರೆಲ್ಲ ಓಣಿಯಲ್ಲೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹುಡುಗನ ಕಡೆಯವರು ಮಾರಿಕುಪ್ಪಂನವರು, ಮುಂದಿನ ಸಾಲಿನಲ್ಲಿದ್ದರು. ಅಮ್ಮನಿಗೆ ಅವರ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದರು, ದೊಡ್ಡ ಮಗಳ ಅತ್ತೆ ಎಂದು. ಅತ್ತಿಗೆ ಅರಿಶಿನ ಬಣ್ಣದ ಸೀರೆ ಉಟ್ಟು ತಟ್ಟೆಗಳನ್ನು ಜೋಡಿಸುತ್ತಿದ್ದಳು. ಮದುವೆಯಾದ ಮೇಲೆ ಮೊದಲ ಸಲ ಅವಳು ಆರಾಮಾಗಿ ಓಡಾಡುವುದನ್ನು ನೋಡಿದೆ. ತಮಿಳಿನಲ್ಲಿ ಅವಳು ತಮಾಷೆಯ ಹೆಂಗಸು. ನನಗೆ ಅದು ಗೊತ್ತೇ ಇರಲಿಲ್ಲ. ಅವಳು ಏನೋ ಅಂದಳು, ನಾಲ್ಕು ಜನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಹುಡುಗನ ಅಜ್ಜಿ ಮಗುವಿನ ಗಲ್ಲ ಹಿಡಿದು ಹತ್ತಿರಕ್ಕೆಳೆದುಕೊಂಡಿತು. ಮಗು ರೇಷ್ಮೆ ಲಂಗ ಹಾಕಿ, ತಲೆತುಂಬ ಮಲ್ಲಿಗೆ ಮುಡಿದಿತ್ತು.

"ಉನ್ ಪೇರೆನ್ನ, ಕಣ್ಣು?" ಎಂದಿತು ಅಜ್ಜಿ. ನಿನ್ನ ಹೆಸರೇನು, ಕಂದ.

ಮಗು ಎರಡೂ ಕೈಗಳನ್ನು ಪಕ್ಕಕ್ಕಿಟ್ಟುಕೊಂಡು, ಶಾಲೆಯಲ್ಲಿ ಪದ್ಯ ಹೇಳುವವರ ಹಾಗೆ ನೆಟ್ಟಗೆ ನಿಂತು, ಹೆಸರು ಹೇಳಿತು. ಗಟ್ಟಿಯಾಗಿ ಹೇಳಿತು. ಕೊನೆಯ ಸ್ವರ ಎ.

ಹೇಳಿ, ಅಮ್ಮನ ಕಡೆ ತಿರುಗಿತು. "ಏಳ್ದೆ ಅಜ್ಜಿ. ಪಿಚ್ಚರ್ ಆಕು."

ಮೊದಲು ಅಡುಗೆಯ ಪಾತ್ರೆಗಳ ಹತ್ತಿರ ನಿಂತಿದ್ದ ಒಬ್ಬ ಗಂಡಸಿನ ಮೂಗಿನಿಂದ ನಗು ಹೊರಟಿತು. ಅವನು ಅದನ್ನು ಕೆಮ್ಮು ಮಾಡಿದ. ಹಿಂದೆ ಹುಡುಗರ ಗುಂಪಿನಲ್ಲಿ ಅದು ಕೆಮ್ಮಾಗಿ ಉಳಿಯಲಿಲ್ಲ. ಯಾರೋ ಆ ಪದವನ್ನು ಮತ್ತೆ ಹೇಳಿದರು, ಮಗುವಿನ ದನಿಯಲ್ಲೇ. ಹುಡುಗನ ಅಜ್ಜಿ ಗಲ್ಲದ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡಿತು. ಹುಡುಗನ ತಾಯಿ ತನ್ನ ಗಂಡನನ್ನು ನೋಡಿದಳು. ಮದುವೆಯ ಹುಡುಗಿ ತಲೆ ತಗ್ಗಿಸಿದವಳು ಎತ್ತಲೇ ಇಲ್ಲ.

ಅತ್ತಿಗೆ ಕೈಯಲ್ಲಿದ್ದ ತಟ್ಟೆ ಇಟ್ಟು, ಕುರ್ಚಿಗಳ ನಡುವೆ ದಾಟಿಕೊಂಡು ಬಂದು ಮಗುವಿನ ಕೆನ್ನೆಗೆ ಹೊಡೆದಳು. ಮಲ್ಲಿಗೆ ದಂಡೆ ಜಾರಿ ಒಂದು ಕಿವಿಯ ಮೇಲೆ ನೇತಾಡಿತು. ಅವಳು ಅದುವರೆಗೆ ಮಗುವಿನ ಮೇಲೆ ಕೈ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮಗುವೂ ಕಂಡಿರಲಿಲ್ಲ. ಅಳುವುದಕ್ಕೆ ಮೊದಲು ಅದು ಬಹಳ ಹೊತ್ತು ಅವಳನ್ನೇ ನೋಡಿತು.

ಅಮ್ಮ ಎದ್ದು ಮಗುವನ್ನು ಎತ್ತಿಕೊಂಡಳು.

"ಅಯ್ಯೋ, ಮಗೀಗ್ಯಾಕಮ್ಮ ಒಡೀತಿಯಾ? ಎಸ್ರು ಕೇಳುದ್ರು, ಏಳ್ತು. ಅದ್ಕೇನ್ ಗೊತ್ತು?" ಎಂದು ಸುತ್ತ ತಿರುಗಿ ಎಲ್ಲರನ್ನೂ ನೋಡಿದಳು. "ನಾನೇನಾರ ಬಾಯ್ಬಿಟ್ನಾ? ಯಾರಾನ ಏಳ್ಲಿ, ನಾನ್ ಬಾಯ್ಬಿಟ್ನಾ?"

ಅಣ್ಣ ಶಾಮಿಯಾನದ ಹಗ್ಗ ಹಿಡಿದು ನಿಂತಿದ್ದ, ಅದು ಬಿಚ್ಚಿಹೋಗುತ್ತದೋ ಎನ್ನುವ ಹಾಗೆ. ಕೊನೆಗೆ ಅತ್ತಿಗೆಯ ತಾಯಿ ತಮಗೆ ಬರುವ ಕನ್ನಡದಲ್ಲಿ, "ಮಗು ಅದು, ಬಿಡಿ. ಎಲ್ಲಾರೂ ಊಟಕ್ಕೆ ಬನ್ನಿ," ಎಂದರು. ಪಂಕ್ತಿಯಲ್ಲಿ ಅಮ್ಮನನ್ನು ಮೊದಲು ಕೂರಿಸಿ, ಮೊದಲು ಅವಳ ಎಲೆಗೇ ಬಡಿಸಿದರು. ಅಮ್ಮ ಎರಡನೇ ಸಲ ಪಾಯಸ ಹಾಕಿಸಿಕೊಂಡಳು. ನಿಶ್ಚಿತಾರ್ಥ ಮುರಿಯಲಿಲ್ಲ. ತಾಂಬೂಲ ಬದಲಾಯಿಸಿದರು. ಆದರೆ ಹುಡುಗನ ಕಡೆಯ ಹೆಂಗಸರು ಹೊರಡುವಾಗ ಅತ್ತಿಗೆಗೆ ಹೇಳದೆ ಹೊರಟರು.

ಸಂಜೆಯ ರೈಲಿಗೆ ನಾವೆಲ್ಲ ಉರಿಗಾಂ ಸ್ಟೇಷನ್ನಿಗೆ ಬಂದೆವು. ಪ್ಲಾಟ್‌ಫಾರ್ಮಿನಲ್ಲಿ ಅತ್ತಿಗೆ ಮಗುವಿಗೆ ಕೈ ಚಾಚಿದಳು. ಮಗು ಅಮ್ಮನ ಭುಜಕ್ಕೆ ಮುಖ ಒತ್ತಿಕೊಂಡಿತು.

"ಬಾ ಅಂದ್ರೆ ಬತ್ತದಾ?" ಎಂದಳು ಅಮ್ಮ. "ಒಡ್ದೋರ ತಾವ ಯಾವ್ ಮಗ ಓಗ್ತದೆ?"

ಅತ್ತಿಗೆ ಚಾಚಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು. ರೈಲು ಬಂದಾಗ ನಾವು ಹತ್ತಿದೆವು, ಅವಳು ಹತ್ತಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು, "ಅತ್ತು, ಒಂಟೋಯ್ತದೆ, ಅತ್ತು. ಎಲ್ರೂ ನೋಡ್ತಾವ್ರೆ," ಎಂದು ಗೊಣಗಿದ. "ನೀವು ಹೋಗಿ," ಎಂದಳು ಅವಳು. ರೈಲು ಹೊರಟಿತು. ಅಣ್ಣ ಒಳಗೆ ಬಂದು ಕೂತ.

ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ಅಪ್ಪ ಕಿಟಕಿಯ ಕಡೆ ನೋಡುತ್ತಲೇ ನನಗೆ ಹೇಳಿದರು. ಅತ್ತಿಗೆ ಹಗಲು ಬಂಗಾರಪೇಟೆಯ ಟೈಲರ್ ಅಂಗಡಿಗೆ ಹೊಲಿಗೆಗೆ ಹೋಗುತ್ತಾಳೆ, ನಾನು ಆಫೀಸಿಗೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಅಮ್ಮ ರಿಮೋಟಿನ ಮೈಕು ಒತ್ತಿ ನೀರುನಾಯಿ ಎಂದು ಹೇಳಿ ಆ ಚಿತ್ರವನ್ನು ಹುಡುಕಿ ಇಟ್ಟುಕೊಳ್ಳುತ್ತಿದ್ದಳು. "ನಿನ್ ಎಸ್ರೇನ್ ಪಾಪ?" ಎಂದು ಕೇಳುತ್ತಿದ್ದಳು. ಮಗು ನೆಟ್ಟಗೆ ನಿಂತು ಸರಿಯಾಗಿ ಹೇಳಿದರೆ ಚಿತ್ರ ಹಾಕುತ್ತಿದ್ದಳು. ಮೆಲ್ಲಗೆ ಹೇಳಿದರೆ, "ಕೇಳುಸ್ಲಿಲ್ಲ, ಗಟ್ಟಿಗೆ," ಎನ್ನುತ್ತಿದ್ದಳು. ತಮಿಳಿನಲ್ಲಿ ಕೇಳಿದರೂ ಹೇಳಲು ಕಲಿಸಿದ್ದಳು.

"ದಿನಾ ಮದ್ಯಾನ ಅದೇ ಆಟ," ಎಂದರು ಅಪ್ಪ.

"ಮೊದಲೇ ಯಾಕೆ ಹೇಳಲಿಲ್ಲ?"

"ಆಟ ಅಂದ್ಕೊಂಡೆ." ಕಿಟಕಿಯ ಸರಳು ಹಿಡಿದುಕೊಂಡು, "ಎಂಗ್ ಏಳೋದು," ಎಂದರು.

ಅತ್ತಿಗೆ ಬರಲಿಲ್ಲ. ಅಣ್ಣ ಕಾರ್ಖಾನೆಯಿಂದ ಬರುವಾಗ ಎರಡು ಸಲ ಅಲ್ಲಿಗೆ ಹೋಗಿ ಕರೆದ. ಕೊನೆಗೆ ಅವಳು ನನಗೆ ಫೋನ್ ಮಾಡಿದಳು. ನಾನು ರೈಲಿನಲ್ಲಿದ್ದೆ, ಸುತ್ತ ಜನ ಇದ್ದರು, ಹಾಗಾಗಿ ನನಗೆ ಹೂಂ ಎನ್ನುವುದಷ್ಟೇ ಸಾಧ್ಯವಿತ್ತು. ಅವಳಿಗೂ ಅದೇ ಬೇಕಾಗಿತ್ತೇನೋ.

"ನಿಮ್ಮಮ್ಮ ಮಗೂನ ಅವಳ ಹೆಸರಿಂದ ಕರೀಬೇಕು. ನನ್ನ ಮಗಳು ಅದು ತನ್ನ ಹೆಸರು ಅಂತ ಹೇಳಬೇಕು. ಫೋನಲ್ಲಿ ನಾನು ಕೇಳಿಸ್ಕೋಬೇಕು. ಕ್ಷಮೆ ಗಿಮೆ ಏನೂ ಬೇಡ. ಅಷ್ಟಾದ್ರೆ ಬರ್ತೀನಿ."

ನಾನು ಅಮ್ಮನಿಗೆ ಹೇಳಿದೆ. ಅವಳು ಬೈದಳು, ಆದರೆ ಬೇಡ ಎನ್ನಲಿಲ್ಲ. ಸೊಸೆ ಯಾಕೆ ಬಂದಿಲ್ಲ ಎಂದು ಡೇರಿಯಲ್ಲಿ ಕೇಳುವವರು ಹೆಚ್ಚಾಗಿದ್ದರು, ಮಗು ಊಟ ಬಿಟ್ಟು ರಚ್ಚೆ ಹಿಡಿಯತೊಡಗಿತ್ತು. ಅಮ್ಮ ಅದೇ ದಿನ ಮಗುವನ್ನು ಅದರ ನಿಜವಾದ ಹೆಸರಿನಿಂದ ಕರೆದಳು. ಮಗು ತಿರುಗಿಯೂ ನೋಡಲಿಲ್ಲ. ಮತ್ತೆ ಕರೆದಳು. ಆ ಹೆಸರಿನವರು ಬೇರೆ ಯಾರೋ ಎನ್ನುವ ಹಾಗೆ ಮಗು ಚೆಂಡು ಉರುಳಿಸುತ್ತಿತ್ತು. ಹೆಸರೇನು ಎಂದು ಕೇಳಿದರೆ ಅಮ್ಮ ಕಲಿಸಿದ್ದನ್ನೇ ಗಟ್ಟಿಯಾಗಿ ಹೇಳಿ ಟಿವಿಯ ಮುಂದೆ ಹೋಗಿ ಕೂರುತ್ತಿತ್ತು. ಅಮ್ಮನ ಮುಖದಲ್ಲಿ ಗಲಿಬಿಲಿಯನ್ನು ನಾನು ಕಂಡದ್ದು ಆಗಲೇ. ಅವಳಿಗೆ ಗೊತ್ತಿದ್ದ ದಾರಿ ಒಂದೇ. ನಿಜವಾದ ಹೆಸರು ಹೇಳಿದರೆ ಚಿತ್ರ, ತಾನು ಕಲಿಸಿದ್ದು ಹೇಳಿದರೆ ಇಲ್ಲ. ಮಗು ಬುದ್ಧಿವಂತೆ. ಬೇಗ ಕಲಿತಿತು.

ಭಾನುವಾರ ಊಟವಾದ ಮೇಲೆ ನಾನು ಅತ್ತಿಗೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟೆ. ಅಪ್ಪ, ಅಣ್ಣ ಇಬ್ಬರೂ ಇದ್ದರು. ಅಮ್ಮ ರಿಮೋಟು ಹಿಡಿದುಕೊಂಡು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡಳು. ಹೆಸರು ಹಿಡಿದು ಕರೆದಳು, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ. ಇಷ್ಟು ದಿನ ಬಾಯಿಗೆ ಒಗ್ಗದಿದ್ದ ಹೆಸರು.

"ಓ," ಎಂದಿತು ಮಗು.

"ನಿನ್ ಎಸ್ರೇನು?"

ಮಗು ನೆಟ್ಟಗೆ ನಿಂತು ತನ್ನ ಹೆಸರು ಹೇಳಿತು. ಫೋನಿನ ಆ ಕಡೆ ಅತ್ತಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಅವಳು ಏನೋ ಹೇಳಲು ಬಾಯಿ ತೆರೆದಿರಬೇಕು, ಅಷ್ಟರಲ್ಲಿ ಮಗು ಅಮ್ಮನನ್ನು ಕೇಳಿತು:

"ಅಜ್ಜೀ, ನೀರ್ನಾಯಿ ಪಿಚ್ಚರ್‌ಗೆ ಯಾವ್ ಎಸ್ರು ಏಳ್ಬೇಕು? ಇದಾ, ಅದಾ?"

ಅಣ್ಣ ಫಕ್ಕನೆ ನಕ್ಕು ನಿಲ್ಲಿಸಿದ. ಅಮ್ಮ, "ಇದೇ ಕಣೇ, ಇದೇ," ಎಂದು ಗುಂಡಿ ಒತ್ತಿದಳು. ಟಿವಿ ಗದ್ದಲ ಮಾಡಿತು. ನಾನು ಫೋನನ್ನು ಎತ್ತಿಕೊಂಡೆ.

"ನಾಳೆ ಬರ್ತೀನಿ," ಎಂದಳು ಅತ್ತಿಗೆ.

"ಕೇಳುಸ್ಕೊಂಡ್ರಾ?" ಎಂದು ಅಮ್ಮ ಅಪ್ಪನ ಕಡೆ, ಅಣ್ಣನ ಕಡೆ ತಿರುಗಿದಳು. "ಬತ್ತೀನಿ ಅಂದ್ಳು. ಬರ್ದೆ ಎಲ್ಲೋಗ್ತಾಳೆ?"

ಮುಂದಿನದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ನಾನು ಸ್ಪೀಕರು ತೆಗೆದು ಫೋನನ್ನು ಕಿವಿಗಿಟ್ಟುಕೊಂಡಿದ್ದೆ.

"ಅವಳ ಬಟ್ಟೆ, ಲಸಿಕೆ ಕಾರ್ಡು, ಹುಟ್ಟಿದ ಸರ್ಟಿಫಿಕೇಟು, ಎಲ್ಲಾ ಕಟ್ಟಿಡಿ," ಎಂದಳು. "ಒಂದೂ ಬಿಡಬೇಡಿ. ನಾನು ಒಳಗೆ ಬರಲ್ಲ, ಬಾಗಿಲಿಂದಲೇ ಅವಳನ್ನ ಕರ್ಕೊಂಡು ಹೋಗ್ತೀನಿ."

ಹೂಂ ಎಂದೆ. ನಡುಮನೆಯಲ್ಲಿ ಮಗು ಅಮ್ಮನ ತೊಡೆಯೇರಿ ಕೂತಿತ್ತು. ಅಮ್ಮ ಅದರ ಕೂದಲಲ್ಲಿ ಕೈಯಾಡಿಸುತ್ತ, ನಾಳೆ ಸೊಸೆ ಬಂದರೆ ಮೊದಲು ಕೊಟ್ಟಿಗೆ ಗುಡಿಸಿಸಬೇಕು ಎನ್ನುತ್ತಿದ್ದಳು. ನಾನು ಒಳಗೆ ಹೋಗಿ, ಬೀರು ತೆಗೆದು, ಚಿಕ್ಕ ಲಂಗಗಳನ್ನು ಒಂದೊಂದಾಗಿ ಮಡಿಸತೊಡಗಿದೆ.